ಸೋಲಿನ ಲೆಕ್ಕ ಇಟ್ಟ ಶಸ್ತ್ರವೈದ್ಯ: ಕೃತಕ ಕೀಲಿನ ಚರಿತ್ರೆ



ಇಂದು ನೀವು ಯಾವ ಮಸೀದಿಗೆ ಹೋದರೂ ಸಾಲಿನ ಅಂಚಿನಲ್ಲಿ ನಾಲ್ಕಾರು ಕುರ್ಚಿಗಳು ಕಾಣುತ್ತವೆ. ಮಂಡಿ ಮಡಚಲಾಗದ ಹಿರಿಯರು ಅವುಗಳ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ಅವರಲ್ಲಿ ಕೆಲವರು ಮಂಡಿಯ ಅಥವಾ ಸೊಂಟದ ಕೀಲನ್ನು ಬದಲಾಯಿಸಿಕೊಂಡವರು. "ಆಪರೇಷನ್ ಆಯಿತು, ಮಾರನೆಯ ದಿನವೇ ಎದ್ದು ನಿಂತರು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಒಂದು ದಿನದ ಹಿಂದೆ ಸುಮಾರು ಎಂಬತ್ತು ವರ್ಷಗಳ ಸೋಲಿನ ಚರಿತ್ರೆ ಇದೆ. ಆ ಚರಿತ್ರೆಯ ಮುಖ್ಯ ವ್ಯಕ್ತಿ ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಜಾನ್ ಚಾರ್ನ್ಲಿ. ಅವರ ಕೆಲಸದ ರೀತಿಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

ಮೊದಲು ಕೀಲು ಎಂದರೇನು ಎಂಬುದನ್ನು ನೋಡೋಣ. ತೊಡೆಮೂಳೆಯ ಮೇಲ್ತುದಿ ಗುಂಡಿನಂತಿದೆ. ಅದು ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂತಹ ಕುಳಿಯೊಳಗೆ ತಿರುಗುತ್ತದೆ. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಇದು ಮಂಜುಗಡ್ಡೆಗಿಂತಲೂ ಹೆಚ್ಚು ಜಾರುತ್ತದೆ. ವಯಸ್ಸಿನಿಂದಲೋ ಸಂಧಿವಾತದಿಂದಲೋ ಈ ಹೊದಿಕೆ ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಆಗ ಹೆಜ್ಜೆ ಹೆಜ್ಜೆಗೂ ನೋವು, ರಾತ್ರಿ ನಿದ್ದೆಯೂ ಇಲ್ಲ.

ಆರಂಭದ ಪ್ರಯತ್ನಗಳು

ಸವೆದ ಕೀಲಿನ ಜಾಗದಲ್ಲಿ ಬೇರೊಂದನ್ನು ಕೂರಿಸುವ ಸಾಹಸವನ್ನು 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಮಾಡಿದರು. ಅವರು ಆನೆದಂತದಲ್ಲಿ ಬಾಗಿಲ ಕೀಲಿನಂತಹ ಮಂಡಿಯನ್ನು ಮಾಡಿಸಿದರು. ಆದರೆ ಅವರ ರೋಗಿಗಳ ಕೀಲುಗಳು ಕ್ಷಯರೋಗದಿಂದ ಹಾಳಾಗಿದ್ದವು. ಸೋಂಕು ಹರಡಿ ಆ ಪ್ರಯತ್ನ ವಿಫಲವಾಯಿತು. 1923ರಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಮೂಳೆಯ ಗುಂಡಿನ ಮೇಲೆ ಗಾಜಿನ ಟೋಪಿಯನ್ನು ತೊಡಿಸಿ ನೋಡಿದರು. ಗಾಜು ಒಡೆಯಿತು. 1938ರಲ್ಲಿ ಅವರು ಅದನ್ನೇ ಲೋಹದಲ್ಲಿ ಮಾಡಿದರು. ಅದೇ ವರ್ಷ ಲಂಡನ್ನಿನ ಫಿಲಿಪ್ ವೈಲ್ಸ್ ಗುಂಡು ಮತ್ತು ಬಟ್ಟಲು ಎರಡನ್ನೂ ಉಕ್ಕಿನಲ್ಲಿ ಮಾಡಿ ಕೂರಿಸಿದರು. 1940ರ ದಶಕದಲ್ಲಿ ಪ್ಯಾರಿಸ್ಸಿನ ಜುಡೆ ಸಹೋದರರು ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಗುಂಡನ್ನು ಬಳಸಿದರು. ಇವರೆಲ್ಲರೂ ಬುದ್ಧಿವಂತರೇ. ಆದರೆ ಅವರು ಕೂರಿಸಿದ ಕೀಲುಗಳು ಸಡಿಲಗೊಳ್ಳುತ್ತಿದ್ದವು ಅಥವಾ ಸವೆಯುತ್ತಿದ್ದವು.

ಕಿರುಗುಟ್ಟಿದ ಕೀಲು

ಜಾನ್ ಚಾರ್ನ್ಲಿ 1911ರಲ್ಲಿ ಲ್ಯಾಂಕಶೈರಿನ ಬರಿ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಔಷಧಿ ವ್ಯಾಪಾರಿ, ತಾಯಿ ದಾದಿ. ಮ್ಯಾಂಚೆಸ್ಟರಿನಲ್ಲಿ ವೈದ್ಯ ವ್ಯಾಸಂಗ ಮುಗಿಸಿ, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ಈಜಿಪ್ಟಿನಲ್ಲಿ ಸೇವೆ ಸಲ್ಲಿಸಿದರು. ಯಂತ್ರಗಳೆಂದರೆ ಅವರಿಗೆ ಬಹಳ ಆಸಕ್ತಿ.

ಒಮ್ಮೆ ಜುಡೆ ಕೀಲು ಹಾಕಿಸಿಕೊಂಡ ರೋಗಿಯೊಬ್ಬ ಅವರ ಬಳಿಗೆ ಬಂದ. ಅವನು ಬಗ್ಗಿದಾಗಲೆಲ್ಲ ಕೀಲು ಕಿರುಗುಟ್ಟುತ್ತಿತ್ತು. ಆ ಸದ್ದನ್ನು ಅವನ ಹೆಂಡತಿಗೆ ಸಹಿಸಲಾಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಚಾರ್ನ್ಲಿ ಯೋಚಿಸಿದರು: ಸದ್ದು ಬರುತ್ತಿದೆ ಎಂದರೆ ಘರ್ಷಣೆ ಹೆಚ್ಚಿದೆ, ಘರ್ಷಣೆ ಹೆಚ್ಚಿದ್ದರೆ ಪ್ರತಿ ಹೆಜ್ಜೆಯೂ ಕೀಲನ್ನು ಮೂಳೆಯಿಂದ ಅಲುಗಾಡಿಸುತ್ತದೆ. ಹಾಗಾದರೆ ಮೊದಲು ಘರ್ಷಣೆಯನ್ನು ಕಡಿಮೆ ಮಾಡಬೇಕು.

ಇದಕ್ಕೆ ಅವರು ಎರಡು ಉಪಾಯಗಳನ್ನು ಕಂಡುಕೊಂಡರು. ಗುಂಡನ್ನು ಸುಮಾರು 22 ಮಿಲಿಮೀಟರಿನಷ್ಟು ಚಿಕ್ಕದು ಮಾಡಿದರು. ಗುಂಡು ಚಿಕ್ಕದಾದಷ್ಟೂ ಬಟ್ಟಲನ್ನು ತಿರುಚುವ ಬಲ ಕಡಿಮೆ. ಬಟ್ಟಲಿಗೆ ಟೆಫ್ಲಾನ್ ಎಂಬ ಜಾರುವ ಪ್ಲಾಸ್ಟಿಕ್ಕನ್ನು ಆರಿಸಿದರು. ಲೋಹದ ದಂಡನ್ನು ತೊಡೆಮೂಳೆಯೊಳಗೆ ಭದ್ರಪಡಿಸಲು, ಮ್ಯಾಂಚೆಸ್ಟರಿನ ದಂತ ಸಾಮಗ್ರಿ ತಜ್ಞ ಡೆನಿಸ್ ಸ್ಮಿತ್ ಅವರ ಸಲಹೆಯಂತೆ, ಅಕ್ರಿಲಿಕ್ ಸಿಮೆಂಟನ್ನು ಬಳಸಿದರು. ಇದು ಅಂಟಲ್ಲ, ಕಲ್ಲಿನ ಗೋಡೆಯ ಸಂದಿಗೆ ತುಂಬುವ ಗಾರೆಯಂತೆ ಭಾರವನ್ನು ಎಲ್ಲ ಕಡೆಗೂ ಹಂಚುತ್ತದೆ.

ವಿಗನ್ ಪಟ್ಟಣದ ಸಮೀಪದ ರೈಟಿಂಗ್ಟನ್ ಆಸ್ಪತ್ರೆ ಹಿಂದೆ ಕ್ಷಯರೋಗಿಗಳ ಆಸ್ಪತ್ರೆಯಾಗಿತ್ತು. ಅಲ್ಲಿ ಚಾರ್ನ್ಲಿ ಸುಮಾರು 300 ರೋಗಿಗಳಿಗೆ ಟೆಫ್ಲಾನ್ ಕೀಲು ಕೂರಿಸಿದರು. ವರ್ಷಾನುಗಟ್ಟಲೆ ಹಾಸಿಗೆ ಹಿಡಿದವರು ನಡೆದಾಡಿದರು. ಎಲ್ಲೆಡೆ ಸಂತೋಷ.

ಸೋಲು ಮತ್ತು ಹೊಣೆ

ಆದರೆ ಎರಡು ಮೂರು ವರ್ಷಗಳಲ್ಲಿ ಟೆಫ್ಲಾನ್ ಸವೆಯತೊಡಗಿತು. ಅದರ ಪುಡಿಗೆ ಸುತ್ತಲಿನ ಮಾಂಸ ಕೆರಳಿ ಗಂಟುಗಟ್ಟಿತು. ನಡೆಯುತ್ತಿದ್ದವರು ಮತ್ತೆ ನೋವಿನಿಂದ ಮರಳಿ ಬಂದರು. ಓದುಗರೇ, ಇಲ್ಲಿಯೇ ಈ ಮನುಷ್ಯನ ನಿಜವಾದ ದೊಡ್ಡತನ ಇದೆ. ಅವರು ಸೋಲನ್ನು ಮುಚ್ಚಿಡಲಿಲ್ಲ. ರೋಗಿಗಳನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ. ಒಬ್ಬೊಬ್ಬರನ್ನೇ ಕರೆಸಿ, ತಾವೇ ಮರು ಶಸ್ತ್ರಚಿಕಿತ್ಸೆ ಮಾಡಿದರು. ಟೆಫ್ಲಾನ್ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. ಒಂಬತ್ತು ತಿಂಗಳ ನಂತರ ಅಲ್ಲಿ ಗಟ್ಟಿ ಗಂಟುಗಳಾಗಿದ್ದವು. 1963ರಲ್ಲಿ ಇದನ್ನು 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಸಿದರು.

ಇದಕ್ಕೂ ಮೊದಲೇ, 1962ರ ಮೇ ತಿಂಗಳಿನಲ್ಲಿ, ಒಬ್ಬ ಮಾರಾಟಗಾರ ರೈಟಿಂಗ್ಟನ್ನಿಗೆ ಬಂದಿದ್ದ. ಲ್ಯಾಂಕಶೈರಿನ ಬಟ್ಟೆ ಗಿರಣಿಗಳ ಮಗ್ಗಗಳಿಗೆ ಪ್ಲಾಸ್ಟಿಕ್ ಹಲ್ಲುಚಕ್ರ ಮಾರುವುದು ಅವನ ಕೆಲಸ. ಅವನು ತೋರಿಸಿದ ಪಾಲಿಥಿಲೀನ್ ತುಂಡನ್ನು ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ, ಪ್ರಯೋಜನವಿಲ್ಲವೆಂದು ಬಿಟ್ಟುಬಿಟ್ಟರು. ಆದರೆ ಅವರ ಕಾರ್ಯಾಗಾರದ ತಂತ್ರಜ್ಞ ಹ್ಯಾರಿ ಕ್ರೇವನ್, ಗುರುಗಳು ಊರಿನಲ್ಲಿ ಇಲ್ಲದಾಗ, ಆ ತುಂಡನ್ನು ಸವೆತದ ಯಂತ್ರಕ್ಕೆ ಹಾಕಿ ಓಡಿಸಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಸಹ ಇದು ಮೂರು ವಾರಗಳಲ್ಲಿ ಸವೆದಿರಲಿಲ್ಲ! ಚಾರ್ನ್ಲಿ ಬಂದು ನೋಡಿದರು, ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಮೊದಲ ಪಾಲಿಥಿಲೀನ್ ಬಟ್ಟಲನ್ನು ಕೂರಿಸಿದರು. ಅಧೀನದವನ ಮಾತೆಂದು ತಳ್ಳಿಹಾಕಿದ್ದರೆ ಇಂದಿನ ಕೃತಕ ಕೀಲಿನ ಚರಿತ್ರೆ ಬೇರೆಯಾಗುತ್ತಿತ್ತು.

ಇನ್ನೊಂದು ಶತ್ರು ಕೀವು. ಆರಂಭದಲ್ಲಿ ನೂರಕ್ಕೆ ಏಳೆಂಟು ರೋಗಿಗಳಿಗೆ ಸೋಂಕಾಗುತ್ತಿತ್ತು. ಗಾಳಿಯ ಧೂಳೇ ಇದಕ್ಕೆ ಕಾರಣವಿರಬೇಕೆಂದು ಊಹಿಸಿ, ಚಾರ್ನ್ಲಿ ಶಸ್ತ್ರಚಿಕಿತ್ಸೆಯ ಕೋಣೆಯೊಳಗೇ ಒಂದು ಚಿಕ್ಕ ಕೋಣೆಯನ್ನು ಕಟ್ಟಿಸಿ, ಸೋಸಿದ ಗಾಳಿಯನ್ನು ಅದರೊಳಗೆ ಹರಿಸಿದರು. ವೈದ್ಯರ ಉಸಿರು ಸಹ ಹೊರಗೆ ಹೋಗುವಂತಹ ಉಡುಪನ್ನು ತಯಾರಿಸಿದರು. ಸೋಂಕು ನೂರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯಿತು.

ಇಷ್ಟಾದರೂ ಅವರು ಆತುರಪಡಲಿಲ್ಲ. ವರ್ಷಗಳ ಫಲಿತಾಂಶ ಕೈಗೆ ಬರುವವರೆಗೆ ಕೀಲಿನ ಮುಕ್ತ ಮಾರಾಟಕ್ಕೆ ಒಪ್ಪಲಿಲ್ಲ. ಬೇರೆ ವೈದ್ಯರು ರೈಟಿಂಗ್ಟನ್ನಿಗೆ ಬಂದು ಕಲಿತ ಮೇಲೆಯೇ ಅದನ್ನು ಪಡೆಯಬೇಕಾಗಿತ್ತು. ಮರಣದ ನಂತರ ಕೀಲನ್ನು ಪರೀಕ್ಷೆಗೆ ಕೊಡುವಂತೆ ರೋಗಿಗಳಲ್ಲಿ ವಿನಂತಿಸುತ್ತಿದ್ದರು. ಅನೇಕರು ಸಂತೋಷದಿಂದ ಒಪ್ಪಿದರು. ಅವರಿಗೆ 1974ರಲ್ಲಿ ಲಾಸ್ಕರ್ ಪ್ರಶಸ್ತಿ, 1977ರಲ್ಲಿ ಸರ್ ಪದವಿ ದೊರೆತವು. 1982ರಲ್ಲಿ ಅವರು ತೀರಿಕೊಂಡರು.

ಸೊಂಟದಿಂದ ಮಂಡಿಗೆ

ಮಂಡಿಯ ಕೀಲಿಗೂ ಇದೇ ಲೋಹ, ಪಾಲಿಥಿಲೀನ್ ಮತ್ತು ಸಿಮೆಂಟು ದಾರಿ ತೋರಿದವು. 1968ರಲ್ಲಿ ರೈಟಿಂಗ್ಟನ್ನಿನಲ್ಲಿಯೇ ಕೆನಡಾದ ಫ್ರಾಂಕ್ ಗನ್‌ಸ್ಟನ್ ಇಂತಹ ಮಂಡಿಯನ್ನು ಕೂರಿಸಿದರು. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಇಂಜಿನಿಯರ್ ಪೀಟರ್ ವಾಕರ್ ಮತ್ತು ಭಾರತ ಮೂಲದ ಡಾ. ಚಿತ್ತರಂಜನ್ ರಾಣಾವತ್ ಸೇರಿ ಇಂದಿನ ಮಂಡಿಗಳಿಗೆ ಮಾದರಿಯಾದ ಕೀಲನ್ನು ರೂಪಿಸಿದರು. ಇದೇ ಡಾ. ರಾಣಾವತ್ 2000 ಮತ್ತು 2001ರಲ್ಲಿ ಮುಂಬೈಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆ ಮಾಡಿದವರು. ಅಂದಿನಿಂದ ಈ ಚಿಕಿತ್ಸೆಯ ಹೆಸರು ನಮ್ಮ ದೇಶದ ಮನೆಮನೆಗೂ ತಲುಪಿತು.

ಚೇತರಿಕೆಯ ರೀತಿಯೂ ಬದಲಾಗಿದೆ. ಚಾರ್ನ್ಲಿಯ ಕಾಲದಲ್ಲಿ ರೋಗಿಗಳು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರುತ್ತಿದ್ದರು. ಈಗ ಹೆಚ್ಚಿನವರನ್ನು ಅದೇ ದಿನ ಅಥವಾ ಮಾರನೆಯ ದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಬಹಳ ಹೊತ್ತು ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮಂಡಿಯನ್ನು ಮಡಚಿ ಬಿಡಿಸುವ ವ್ಯಾಯಾಮ ನೋವಿನದು. ಆದರೆ ಮೊದಲ ಆರು ವಾರಗಳಲ್ಲಿ ಅದನ್ನು ಕೈಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ. "ಪಾಪ, ನೋವಾಗುತ್ತೆ, ಮಲಗಲಿ ಬಿಡಿ" ಎನ್ನುವ ಮನೆಯವರ ಪ್ರೀತಿ ಇಲ್ಲಿ ಹಾನಿಯನ್ನೇ ಮಾಡುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ, ಸಜ್ದಾ ಮಾಡಬಹುದೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿರಿ. ಸಾಮಾನ್ಯವಾಗಿ ಅವರು ಕುರ್ಚಿಯನ್ನೇ ಸೂಚಿಸುತ್ತಾರೆ.

ದಾಖಲೆಯ ಬೆಲೆ

ಚಾರ್ನ್ಲಿ ಕಲಿಸಿದ ದೊಡ್ಡ ಪಾಠ ದಾಖಲೆಯದು. ಸ್ವೀಡನ್ ದೇಶ 1975ರಲ್ಲಿ ಮಂಡಿಗೂ 1979ರಲ್ಲಿ ಸೊಂಟಕ್ಕೂ ರಾಷ್ಟ್ರೀಯ ದಾಖಲೆ ಪುಸ್ತಕವನ್ನು ತೆರೆಯಿತು. ಇಂತಹ ದಾಖಲೆಗಳಿಂದಲೇ 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಅಧ್ಯಯನಗಳು, ನೂರರಲ್ಲಿ ಸುಮಾರು 82 ಮಂಡಿಗಳೂ 58 ಸೊಂಟದ ಕೀಲುಗಳೂ 25 ವರ್ಷ ಬಾಳುತ್ತವೆ ಎಂದು ಹೇಳಲು ಸಾಧ್ಯವಾಯಿತು.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ? 2010ರಲ್ಲಿ, ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಒಂದು ಬಗೆಯ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಅದರ ದೋಷವನ್ನು ಬಯಲಿಗೆ ತಂದದ್ದು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ದಾಖಲೆಗಳು. ಭಾರತದಲ್ಲಿಯೂ ನಾಲ್ಕು ಸಾವಿರಕ್ಕಿಂತ ಹೆಚ್ಚು ಜನರಿಗೆ ಅದನ್ನು ಹಾಕಲಾಗಿತ್ತು. ಆದರೆ ಹುಡುಕಹೊರಟಾಗ ಅವರಲ್ಲಿ ಬಹುಪಾಲು ಜನರ ಪತ್ತೆಯೇ ಸಿಗಲಿಲ್ಲ. ಲೋಹದ ಕಣಗಳು ರಕ್ತಕ್ಕೆ ಸೇರುತ್ತಿರುವುದನ್ನು ಅವರಿಗೆ ತಿಳಿಸುವವರು ಯಾರು?

ಆದ್ದರಿಂದ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರಿಗೆ ಈ ಚಿಕಿತ್ಸೆ ಆದರೆ ನಿಮ್ಮಿಂದ ಒಂದು ಉಪಕಾರ ಆಗಬೇಕು. ಕೀಲಿನ ಪೊಟ್ಟಣದೊಂದಿಗೆ ಅದರ ಹೆಸರು ಮತ್ತು ಸಂಖ್ಯೆ ಇರುವ ಸ್ಟಿಕ್ಕರ್ ಬರುತ್ತದೆ. ಆಸ್ಪತ್ರೆಯಿಂದ ಬರುವಾಗ ಅದರ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಡಿಸ್ಚಾರ್ಜ್ ಚೀಟಿಯೊಂದಿಗೆ ಜೋಪಾನವಾಗಿ ಇಡಿರಿ. ನಡೆದಾಡಲು ಬಂತೆಂದು ಸುಮ್ಮನಾಗದೆ, ವೈದ್ಯರು ಹೇಳಿದ ದಿನ ತಪ್ಪದೆ ತೋರಿಸಿಕೊಂಡು ಬನ್ನಿರಿ. ನಿಮ್ಮಲ್ಲಿ ಯಾರಾದರೂ ಮುಂದೆ ವೈದ್ಯರೋ ಇಂಜಿನಿಯರೋ ಆದರೆ, ಗೆದ್ದ ಕೆಲಸಗಳ ಪಟ್ಟಿಯ ಪಕ್ಕದಲ್ಲಿ ಸೋತ ಕೆಲಸಗಳ ಪಟ್ಟಿಯನ್ನೂ ಇಡಿರಿ. ರೈಟಿಂಗ್ಟನ್ನಿನಲ್ಲಿ ಆ 300 ಹೆಸರುಗಳ ಪಟ್ಟಿ ಇದ್ದುದರಿಂದಲೇ ಇಂದು ನಮ್ಮ ಅಜ್ಜ ಅಜ್ಜಿಯರು ಕೋಲು ಬಿಟ್ಟು ನಡೆಯುತ್ತಿದ್ದಾರೆ.