ಕಚ್ಚಾ ಪುಸ್ತಕದ ಪ್ರಾಧ್ಯಾಪಕ

ಒಂದು ಲೇಖನಕ್ಕೆ ಕೂತು, ನಡುವೆ ಇನ್ನಾವುದೋ ಪುಸ್ತಕ ತೆರೆದು, ಕೊನೆಗೆ ಎರಡನ್ನೂ ಬಿಟ್ಟು ಕಾಫಿಗೆ ಏಳುವ ಜಾತಿಯವನು ನಾನು. ಇಂಥ ಚಂಚಲತೆ ಬಾಳಿಗೇ ತೊಡಕಾದಾಗ ವೈದ್ಯರು ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ, ನನ್ನದೂ ಅದೇ ಎಂದಿದ್ದಾರೆ. ಅಮೆರಿಕದ ಮನೋವೈದ್ಯರು ಈ ಹೆಸರನ್ನು ಗೊತ್ತುಮಾಡಿದ್ದು 1987ರಲ್ಲಿ. ಆದರೆ 1798ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನದ ರೋಗಗಳನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದನು.

ಆ ಗ್ರಂಥ ಅಚ್ಚಾದಾಗ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಗೆಯೋರ್ಗ್ ಕ್ರಿಸ್ಟೋಫ್ ಲಿಖ್ಟೆನ್‌ಬೆರ್ಗ್ (1742–1799) ಇನ್ನೂ ಬದುಕಿದ್ದನು. ಆತನಿಗೆ ಈ ರೋಗವಿತ್ತೆಂದು ನಾನು ಹೇಳಲಾರೆ. ಸತ್ತವರ ನಾಡಿ ಹಿಡಿಯುವುದು ನನ್ನ ಕೆಲಸವಲ್ಲ. ಕೆಲಸವನ್ನು ಮುಂದೂಡುವುದೇ ತನ್ನ ದೊಡ್ಡ ದೋಷವೆಂದು ಮಾತ್ರ ಆತನೇ ಬರೆದಿಟ್ಟಿದ್ದಾನೆ.

ಇಂಗ್ಲಿಷ್ ವರ್ತಕರ ಲೆಕ್ಕದ ಪದ್ಧತಿಯೊಂದು ಆತನಿಗೆ ಹಿಡಿಸಿತು. ದಿನದ ವ್ಯಾಪಾರವನ್ನೆಲ್ಲ ಮೊದಲು ಕ್ರಮವಿಲ್ಲದೆ ಕಚ್ಚಾ ಪುಸ್ತಕದಲ್ಲಿ ಗೀಚುವುದು, ಅಲ್ಲಿಂದ ಕೀರ್ದಿಗೆ, ಕೀರ್ದಿಯಿಂದ ಖಾತೆಗೆ ಏರಿಸುವುದು. ನಮ್ಮ ಅಂಗಡಿ ಲೆಕ್ಕ ಬಲ್ಲವರಿಗೆ ಇದೇನೂ ಹೊಸತಲ್ಲ. ವಿದ್ವಾಂಸರೂ ಹೀಗೆಯೇ ಮಾಡಬೇಕೆಂದು ಆತನ ಮತ. 1765ರಿಂದ ಸಾಯುವವರೆಗೂ ಆತ ಇಂಥ ಪುಸ್ತಕಗಳನ್ನು ತುಂಬಿಸಿದನು. ವಿದ್ಯುತ್ತಿನ ಪ್ರಶ್ನೆಯ ಪಕ್ಕದಲ್ಲಿ ಕನಸು, ಅದರ ಪಕ್ಕದಲ್ಲಿ ಓದಿದ ಗ್ರಂಥದ ಮೇಲೊಂದು ಚುಚ್ಚುಮಾತು. ಮನಸ್ಸು ಎಲ್ಲಿಗೆ ಹಾರಿದರೂ ಅಲ್ಲೊಂದು ಹಾಳೆ ಕಾದಿರುತ್ತಿತ್ತು.

ಕೀರ್ದಿಗೆ ಏರಿಸಿದ್ದು ಕಡಿಮೆ. ಬರೆಯಬೇಕೆಂದಿದ್ದ ಕಾದಂಬರಿ ಮುಗಿಯಲೇ ಇಲ್ಲ. ಇದನ್ನು ಪ್ರತಿಭೆಯ ಲಕ್ಷಣವೆಂದು ಹೊಗಳುವವರ ಜೊತೆ ನನಗೆ ಜಗಳವಿದೆ. ಆ ನಷ್ಟ ನಿಜವಾದ ನಷ್ಟ. ಆದರೆ ಗಟಿಂಗೆನ್ನಿನ ವಾರ್ಷಿಕ ಕ್ಯಾಲೆಂಡರ್ ಪುಸ್ತಿಕೆಯ ಸಂಪಾದಕತ್ವ ಆತನಿಗೆ ತಕ್ಕ ಕೆಲಸವಾಯಿತು. ಬರಹಗಳು ಚಿಕ್ಕವು, ಹೊಸ ವರ್ಷವಂತೂ ಯಾರಿಗೂ ಕಾಯದು. ಇಂಗ್ಲೆಂಡಿನ ಚಿತ್ರಕಾರ ಹೋಗಾರ್ಥನ ಚಿತ್ರಗಳನ್ನು ಆತ ವಿವರಿಸಲು ತೊಡಗಿದ್ದು ಅದರಲ್ಲಿಯೇ. ಮೂಲೆಯ ನಾಯಿಯಿಂದ ಗೋಡೆಯ ಪಟಕ್ಕೆ, ಪಟದಿಂದ ಹರಿದ ಕಾಲುಚೀಲಕ್ಕೆ ಕಣ್ಣು ಅಲೆಯುವುದೇ ಅಲ್ಲಿ ಬೇಕಾದ ಗುಣ! 1794ರಿಂದ ಆ ವಿವರಣೆಗಳು ವಿಸ್ತಾರಗೊಂಡು ಪುಸ್ತಕಗಳಾಗಿಯೂ ಬಂದವು.

ಕಚ್ಚಾ ಪುಸ್ತಕಗಳಿಂದ ಆಯ್ದ ಭಾಗಗಳು ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1800ರಿಂದ ಮುಂದೆ. ಇಂದು ಆತನ ಕೀರ್ತಿ ನಿಂತಿರುವುದು ಅವುಗಳ ಮೇಲೆಯೇ. ಅವುಗಳಲ್ಲೂ ಎರಡು ಕಳೆದುಹೋಗಿವೆ.

ನನ್ನ ಚೀಟಿಗಳು ಅಂಗಿಯ ಜೇಬಿನಲ್ಲೇ ಅಗಸನ ಮನೆ ಸೇರುತ್ತಿದ್ದವು. ಈಗ ನಾನೂ ಒಂದು ನೋಟುಬುಕ್ಕು ಕೊಂಡಿದ್ದೇನೆ. ಈ ಲೇಖನದ ಅರ್ಧ ಅದರಲ್ಲಿತ್ತು. ಉಳಿದರ್ಧ ಸಂಪಾದಕರು ಗಡುವು ಹಾಕಿದ ಮೇಲೆ ಬಂದಿತು.