ತುಪ್ಪಳ ಯಾರದ್ದು, ಗೆರೆ ಯಾರದ್ದು?

1783ರಲ್ಲಿ ಪ್ಯಾರಿಸ್‌ನಲ್ಲಿ ಬ್ರಿಟನ್ನೂ ಅಮೆರಿಕವೂ ಕೂತು ಉತ್ತರ ಅಮೆರಿಕದ ಮಹಾ ಸರೋವರಗಳ ನಡುವೆ ಗಡಿ ಎಳೆದವು. ಆ ಒಪ್ಪಂದ ಪೂರ್ತಿ ಓದಿದೆ. ಆ ನೆಲದ ಮೂಲನಿವಾಸಿಗಳ ಪ್ರಸ್ತಾಪ ಒಂದೇ ಒಂದು ಸಾಲಲ್ಲೂ ಇಲ್ಲ!

ಯೂರೋಪಿನ ದೊಡ್ಡವರ ಟೋಪಿಗೆ ಬೇಕಿದ್ದ ಬೀವರ್ ತುಪ್ಪಳ ಬರ್ತಿದ್ದದ್ದು ಇವರ ಕೈಯಿಂದಲೇ. ಬೇಟೆ ಇವರದು, ಚರ್ಮ ಹದ ಮಾಡೋ ದುಡಿಮೆ ಇವರ ಹೆಂಗಸರದು. ಲಾಭ ಮಾತ್ರ ಮಾಂಟ್ರಿಯಲ್ ವ್ಯಾಪಾರಿಗಳದು.

ಈ ವ್ಯಾಪಾರ ಕೈತಪ್ಪಬಾರದು ಅಂತಲೂ ಬ್ರಿಟಿಷರು ಡೆಟ್ರಾಯಿಟ್, ನಯಾಗರ ಕೋಟೆಗಳನ್ನ 1796ರವರೆಗೆ ಬಿಡಲಿಲ್ಲ. ಮೂಲನಿವಾಸಿಗಳಿಗೆ ನೆರವಿನ ಆಸೆ ತೋರಿಸಿದರು. 1794ರ ಆಗಸ್ಟಿನಲ್ಲಿ ಫಾಲನ್ ಟಿಂಬರ್ಸ್‌ನಲ್ಲಿ ಅಮೆರಿಕದ ಸೈನ್ಯಕ್ಕೆ ಸೋತು ಬಂದ ಯೋಧರಿಗೆ ಬ್ರಿಟಿಷರ ಮಯಾಮಿಸ್ ಕೋಟೆ ಬಾಗಿಲು ತೆರೆಯಲೇ ಇಲ್ಲ.

ಮೂರೇ ತಿಂಗಳಿಗೆ ಜೇ ಒಪ್ಪಂದ. ಅದರ 3ನೇ ವಿಧಿಯಲ್ಲಿ ಮೂಲನಿವಾಸಿಗಳೂ ಗಡಿ ದಾಟಬಹುದು, ವ್ಯಾಪಾರ ಮಾಡಬಹುದು, ತುಪ್ಪಳಕ್ಕೆ ಸುಂಕ ಇಲ್ಲ ಅಂತ ಬರೆದರು. ವ್ಯಾಪಾರಿಗಳಿಗೆ ತುಪ್ಪಳ ಬೇಕಿತ್ತು, ಅದಕ್ಕೇ ಈಗ ಇವರ ಹೆಸರು ನೆನಪಾಯ್ತು.

ಮುಂದೇನಾಯ್ತು? 1816ರಲ್ಲಿ ಅಮೆರಿಕ ತನ್ನ ನೆಲದ ತುಪ್ಪಳ ವ್ಯಾಪಾರದಿಂದ ವಿದೇಶಿಯರನ್ನ ಹೊರಗಿಟ್ಟಿತು, ಆಸ್ಟರ್‌ನ ಕಂಪನಿ ಕೊಬ್ಬಿತು. 1956ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಗಡಿಯಾಚೆಯಿಂದ ವಾಷಿಂಗ್ ಮೆಷಿನ್, ಫ್ರಿಡ್ಜು ತಂದ ಮೊಹಾಕ್ ಸಮುದಾಯದ ಲೂಯಿ ಫ್ರಾನ್ಸಿಸ್‌ಗೆ ಸುಂಕ ಕಟ್ಟಲೇಬೇಕು ಅಂದಿತು. ಅಮೆರಿಕ ಈಗಲೂ ಗಡಿ ದಾಟೋ ಹಕ್ಕು ಕೊಡುತ್ತೆ, ಆದರೆ 50% 'ಇಂಡಿಯನ್ ರಕ್ತ' ಸಾಬೀತು ಮಾಡಬೇಕು. ಅವರ ನೆಲದಲ್ಲಿ ಅವರೇ ರಕ್ತದ ಲೆಕ್ಕ ಕೊಡಬೇಕು!

ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿಗೆ ಹೋಗಿ ಕೂತದ್ದು ಯಾಕೆ ಅಂತ ಕೇಳೋರಿಗೆ ಈ ಕತೆ ಹೇಳಿ. ನಾವಿಲ್ಲದ ಕಡೆ ನಮಗಾಗಿ ಬರೆದ ಹಕ್ಕು, ಬರೆದವರ ಅಗತ್ಯ ತೀರೋ ತನಕ ಅಷ್ಟೇ.

ಜೈ ಭೀಮ್.