ಶುಗರ್, ಲಕ್ವಾ, ಪಾರ್ಕಿನ್ಸನ್ ಇದ್ದವರು ಅಂಗವಿಕಲ ತಪಾಸಣೆಗೆ ಹೋಗುವ ಮುನ್ನ

ಕೊರ್ಲಹಳ್ಳಿಯಿಂದ ಮುಂಡರಗಿ ದಾಟಿ ಗದಗದ ಜಿಮ್ಸ್ ಆಸ್ಪತ್ರೆಗೆ ಹೋಗಿ ಬರೋದು ಅಂದ್ರೆ ಒಂದು ದಿನದ ಕೂಲಿ ಇಲ್ಲವೇ ಒಂದು ದಿನದ ವ್ಯಾಪಾರ ಹೋದಂತೆ. ಜೊತೆಗೆ ಮನೆಯವರೊಬ್ಬರು ಬೇಕೇ ಬೇಕು. ಹಾಗಾಗಿ ತಯಾರಿ ಊರಲ್ಲೇ ಆಗಬೇಕು.

ಮೊದಲು ಒಂದು ಮಾತು ತಿಳಿದಿರಲಿ. ವೈದ್ಯರು ಅಲ್ಲಿ ಅಳೆಯೋದು ರೋಗದ ಹೆಸರನ್ನಲ್ಲ, ಆ ರೋಗದಿಂದ ದೇಹಕ್ಕೆ ಎಷ್ಟು ಊನ ಆಗಿದೆ ಅನ್ನೋದನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಪಾರ್ಕಿನ್ಸನ್, ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಪಟ್ಟಿಯಲ್ಲೇ ಇವೆ. ಶುಗರ್, ಬಿಪಿ ಇಲ್ಲ. ಆದರೆ ಶುಗರ್‌ನಿಂದ ಕಾಲು ತೆಗೆದಿದ್ದರೆ, ದೃಷ್ಟಿ ಹೋಗಿದ್ದರೆ, ಬಿಪಿ ಏರಿ ಲಕ್ವಾ ಹೊಡೆದು ಕೈಕಾಲು ಬಿದ್ದಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. "ಹತ್ತು ವರ್ಷದಿಂದ ಶುಗರ್ ಐತ್ರಿ" ಅಂದರೆ ಸಾಲದು.

ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆನ್‌ಲೈನ್ ಮೂಲಕವೇ ಹಾಕಬೇಕು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಆಧಾರ್, ಫೋಟೊ, ಮೊಬೈಲ್ ನಂಬರ್ ಬೇಕು. ಆಧಾರ್‌ನಲ್ಲಿ ಹೆಸರು ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ದಾಖಲೆ ವಿಷಯದಲ್ಲಿ ನಮ್ಮವರು ಸೋಲೋದೇ ಹೆಚ್ಚು. ಆಸ್ಪತ್ರೆ ಚೀಟಿಗಳು ಕ್ಯಾರಿಬ್ಯಾಗ್‌ನಲ್ಲಿ ಮುದ್ದೆಯಾಗಿ ಬಿದ್ದಿರುತ್ತವೆ. ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್ ವರದಿ, ಈಗ ನುಂಗುವ ಗುಳಿಗೆಯ ಚೀಟಿ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿಗೆ ಸೇರಿಸಿ. ಒಂದು ಸೆಟ್ ಝೆರಾಕ್ಸ್ ಬೇರೆ ಇರಲಿ, ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ. ಒಂದು ಹಾಳೆಯಲ್ಲಿ ರೋಗ ಯಾವಾಗ ಶುರುವಾಯ್ತು, ಈಗ ಯಾವ ಕೆಲಸ ಆಗಲ್ಲ ಅಂತ ಬರೆದಿಟ್ಟುಕೊಳ್ಳಿ: ಅಂಗಿ ಗುಂಡಿ ಹಾಕೋದು, ಮೆಟ್ಟಿಲು ಹತ್ತೋದು, ಗಲ್ಲಾದಲ್ಲಿ ಚಿಲ್ಲರೆ ಎಣಿಸೋದು.

ವೈದ್ಯರ ಮುಂದೆ "ಏನಿಲ್ರಿ, ಆರಾಮ ಅದೀನ್ರಿ" ಅನ್ನೋದು ನಮ್ಮ ಕಡೆ ರೂಢಿ. ಆ ದಿನ ಬೇಡ. ಕೋಲು ಹಿಡಿದು ನಡೆಯೋರು ಕೋಲು ಹಿಡಿದೇ ಹೋಗಿ. ಪಾರ್ಕಿನ್ಸನ್ ಇದ್ದವರು ಗುಳಿಗೆ ಎಷ್ಟು ಹೊತ್ತಿಗೆ ತಗೊಂಡ್ರಿ, ಅದರ ಕಸುವು ಇಳಿದ ಮೇಲೆ ಹೇಗಿರುತ್ತೀರಿ ಅನ್ನೋದನ್ನೂ ಹೇಳಿ. ಇಲ್ಲದ್ದನ್ನು ಇದೆ ಅಂತ ನಟಿಸಬೇಡಿ, ನೋಡುವವರು ದಿನಾ ನೂರು ಕಾಲು ಕಂಡಿರುತ್ತಾರೆ. ಲಕ್ವಾ ಹೊಡೆದ ಕೂಡಲೇ ಓಡಬೇಕಿಲ್ಲ. ಚಿಕಿತ್ಸೆ ನಡೆದು ಸ್ಥಿತಿ ಒಂದು ಹದಕ್ಕೆ ಬಂದ ಮೇಲೆ ಅಳೆಯೋದು ಸರಿ.

ಶೇಕಡಾ 40 ಬಂದರೆ ಮಾತ್ರ ಪಿಂಚಣಿ ಸೇರಿ ಬಹುತೇಕ ಸೌಲಭ್ಯ. ರಾಜ್ಯದ ಮಾಸಾಶನ 40ರ ಮೇಲೆ 800 ರೂಪಾಯಿ, 75 ದಾಟಿದರೆ 1,400. ಔಷಧಿ ಖರ್ಚಿಗೂ ಸಾಲದ ಹಣ, ಆದರೂ ತಿಂಗಳು ತಿಂಗಳು ಬರುವಂಥದ್ದು. ಸುಧಾರಿಸುವ ಸಾಧ್ಯತೆ ಇದ್ದರೆ ಪ್ರಮಾಣಪತ್ರ ತಾತ್ಕಾಲಿಕವಾಗಿರುತ್ತದೆ. ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಪ್ರಮಾಣ ಕಡಿಮೆ ಹಾಕಿದ್ದಾರೆ ಅನ್ನಿಸಿದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.

ಕಾರ್ಡ್ ಬಂತು ಅಂದ ಮಾತ್ರಕ್ಕೆ ಪಿಂಚಣಿ ತಾನಾಗಿ ಬರಲ್ಲ. ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಹಿಡಿದು ನಾಡಕಚೇರಿಯಲ್ಲಿ ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು.